ಜೊಳ್ಳು, ಗಟ್ಟಿ, ನಡುವೆ ಅಡಗಿದ ಗಾಳಿ

(ಗಂಗಾವತಿಯಲ್ಲಿ ರೈತರು, ಶಿಕ್ಷಕರು ಮತ್ತು ಪ್ರೌಢಶಾಲೆಯ ಮಕ್ಕಳ ಮುಂದೆ ಆಡಿದ ಮಾತಿನ ಬರಹ ರೂಪ)

ಮೊದಲು ಮೇಜಿನ ಮೇಲಿನ ಈ ಎರಡು ಗಾಜಿನ ಜಾಡಿ ನೋಡಿಬಿಡ್ರಿ. ಎರಡರಲ್ಲೂ ಒಂದೊಂದು ಲೀಟರ್ ನೀರಿದೆ. ಒಂದಕ್ಕೆ ಹೊಳೆ ಉಸುಕು ಒಂದು ಹಿಡಿ ಹಾಕಿದೆ, ಇನ್ನೊಂದಕ್ಕೆ ಹೊಲದ ಎರೆಮಣ್ಣು ಒಂದು ಹಿಡಿ. ಎರಡನ್ನೂ ಒಟ್ಟಿಗೆ ಕಲಕಿದೆ. ನಾನು ಇಷ್ಟು ಹೇಳುವುದರೊಳಗೆ ಉಸುಕು ತಳ ಸೇರಿತು. ಎರೆಮಣ್ಣಿನ ಜಾಡಿ ಇಲ್ಲೇ ಇರಲಿ, ಯಾರೂ ಅಲ್ಲಾಡಿಸಬೇಡಿ. ಕೊನೆಗೆ ಅದರ ಹತ್ತಿರ ಬರುತ್ತೇನೆ.

ಬಾವಿಯಿಂದ ನೀರು ಸೇದಿದವರು ಎಷ್ಟು ಜನ ಇದ್ದೀರಿ? ಹಿಂದಿನ ಸಾಲಿನವರೆಲ್ಲ ಕೈ ಎತ್ತಿದಿರಿ, ಮುಂದೆ ಕೂತ ಮಕ್ಕಳು ಒಬ್ಬರೂ ಎತ್ತಲಿಲ್ಲ. ಇರಲಿ, ಸೇದಿದವರನ್ನು ಕೇಳಿ ತಿಳಿದುಕೊಳ್ಳಿ. ತುಂಬಿದ ಕೊಡ ನೀರೊಳಗೆ ಇರುವವರೆಗೆ ಹಗ್ಗಕ್ಕೆ ಭಾರವೇ ಗೊತ್ತಾಗುವುದಿಲ್ಲ. ಕೊಡದ ಕಂಠ ನೀರು ಬಿಟ್ಟು ಮೇಲೆ ಬಂದದ್ದೇ ತಡ, ಹಗ್ಗ ಬಿಗಿಯುತ್ತದೆ, ರಟ್ಟೆ ಜಗ್ಗುತ್ತದೆ. ಕೊಡದೊಳಗಿನ 15 ಲೀಟರ್ ನೀರಿಗೆ 15 ಕೆಜಿ ತೂಕ ಮೊದಲೂ ಇತ್ತು. ಸುತ್ತಲಿನ ನೀರು ಅದನ್ನು ಹೊತ್ತುಕೊಂಡಿತ್ತು, ಅಷ್ಟೇ.

ಹಾಗಾದರೆ ನೀರು ಎಷ್ಟು ಹೊರುತ್ತದೆ? ಪಾಠದ ಪುಸ್ತಕದಲ್ಲಿ ಆರ್ಕಿಮಿಡೀಸ್ ತತ್ವ, ಪ್ಲವನ ಬಲ ಅಂತ ಬರೆದಿರುತ್ತದೆ. ವಸ್ತು ಎಷ್ಟು ಜಾಗದ ನೀರನ್ನು ಸರಿಸಿತೋ ಆ ನೀರಿನ ತೂಕದಷ್ಟು. ಮಕ್ಕಳು ಇದನ್ನು ಬಾಯಿಪಾಠ ಹೇಳುತ್ತಾರೆ. ಯಾಕೆ ಅಷ್ಟೇ, ಹೆಚ್ಚು ಯಾಕಲ್ಲ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಉದ್ದ, ಅಗಲ, ಎತ್ತರ ಮೂರೂ 10 ಸೆಂಟಿಮೀಟರ್ ಇರುವ ಒಂದು ಕಲ್ಲಿನ ಗಟ್ಟಿಯನ್ನು ನೀರೊಳಗೆ ಇಳಿಬಿಟ್ಟಿದ್ದೀರಿ ಅಂದುಕೊಳ್ಳಿ. ಅದರ ತಲೆಯನ್ನು ಮೇಲಿನ ನೀರು ಕೆಳಕ್ಕೆ ಒತ್ತುತ್ತದೆ, ತಳವನ್ನು ಕೆಳಗಿನ ನೀರು ಮೇಲಕ್ಕೆ ಒತ್ತುತ್ತದೆ. ತಳ 10 ಸೆಂಟಿಮೀಟರ್ ಹೆಚ್ಚು ಆಳದಲ್ಲಿದೆ, ಹಾಗಾಗಿ ಅಲ್ಲಿ ಒತ್ತಡ ಅಷ್ಟು ಜಾಸ್ತಿ. ಎಷ್ಟು ಜಾಸ್ತಿ? 10 ಸೆಂಟಿಮೀಟರ್ ಎತ್ತರದ, 100 ಚದರ ಸೆಂಟಿಮೀಟರ್ ಅಗಲದ ನೀರಿನ ಕಂಬದ ತೂಕ. ಅಂದರೆ 1 ಲೀಟರ್, ಅಂದರೆ 1 ಕೆಜಿ. ಅದೇ ಆ ಗಟ್ಟಿ ಸರಿಸಿದ ನೀರು.

ಇಲ್ಲೇ ಇನ್ನೊಂದು ತಪ್ಪು ತಿಳಿವಳಿಕೆಯೂ ಕಳಚುತ್ತದೆ. ಆಳಕ್ಕೆ ಹೋದಷ್ಟೂ ನೀರು ಜೋರಾಗಿ ಎತ್ತುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ತಲೆಗೂ ತಳಕ್ಕೂ ಒತ್ತಡ ಸಮನಾಗಿ ಏರುತ್ತದೆ, ನಡುವಿನ ವ್ಯತ್ಯಾಸ ಅಷ್ಟೇ ಉಳಿಯುತ್ತದೆ. ಆದರೆ ವಸ್ತುವಿನ ಕೆಳಗೆ ನೀರು ಇರಬೇಕು. ಕೆಸರಿನಲ್ಲಿ ಹೂತು ಕೂತದ್ದರ ತಳಕ್ಕೆ ನೀರು ನುಗ್ಗದಿದ್ದರೆ ಮೇಲಕ್ಕೆ ಒತ್ತುವುದು ಯಾರು? ಕೆಸರಲ್ಲಿ ಸಿಕ್ಕ ದೋಣಿಯನ್ನು ನೆಟ್ಟಗೆ ಮೇಲಕ್ಕೆ ಎತ್ತಲು ಹೋಗದೆ ಅಂಬಿಗರು ಮೊದಲು ಆಚೀಚೆ ಅಲುಗಿಸಿ ಅಡಿಗೆ ನೀರು ಬಿಡುವುದು ಇದಕ್ಕೇ.

ಈಗ ತಕ್ಕಡಿ. ಈ ಸ್ಪ್ರಿಂಗ್ ತಕ್ಕಡಿಗೆ ಸಂಡೂರು ಕಡೆಯ ಕಬ್ಬಿಣದ ಅದಿರಿನ ಒಂದು ಗಡ್ಡೆ ದಾರದಲ್ಲಿ ಕಟ್ಟಿದೆ. ಗಾಳಿಯಲ್ಲಿ ಸರಿಯಾಗಿ 1 ಕೆಜಿ. ಬಕೆಟ್ಟಿನ ನೀರಲ್ಲಿ ಪೂರ್ತಿ ಮುಳುಗಿಸಿದರೆ, ತಳಕ್ಕೆ ತಾಗದಂತೆ ಹಿಡಿದುಕೊಂಡು ಓದ್ರಿ, 790 ಗ್ರಾಂ. 210 ಗ್ರಾಂ ನೀರು ಹೊತ್ತಿತು, ಅಂದರೆ ಗಡ್ಡೆ 210 ಮಿಲಿ ಜಾಗ ಹಿಡಿದಿದೆ. 1000ವನ್ನು 210ರಿಂದ ಭಾಗಿಸಿ: 4.76. ನೀರಿಗಿಂತ ಅಷ್ಟು ಪಟ್ಟು ಸಾಂದ್ರ. ಹೆಮಟೈಟ್ ಅನ್ನುವ ಕಬ್ಬಿಣದ ಖನಿಜ ಶುದ್ಧವಾಗಿ ಇದ್ದಿದ್ದರೆ 5.2ರ ಆಸುಪಾಸು ಬರಬೇಕಿತ್ತು. ಇದರಲ್ಲಿ ಮಣ್ಣಿದೆ, ಸಣ್ಣ ತೂತುಗಳಿವೆ. ಇನ್ನೊಂದು ನಮ್ಮ ಆನೆಗೊಂದಿ ಗುಡ್ಡದಂಥದೇ ಗ್ರಾನೈಟ್, ಇದೂ 1 ಕೆಜಿ. ನೀರಲ್ಲಿ 625 ಗ್ರಾಂ. ಭಾಗಿಸಿದರೆ 2.67. ತೂಕ ಎರಡರದ್ದೂ ಒಂದೇ, ಗ್ರಾನೈಟ್ ಹೆಚ್ಚು ಜಾಗ ಹಿಡಿದದ್ದಕ್ಕೆ ನೀರು ಅದನ್ನು ಹೆಚ್ಚು ಹೊತ್ತಿತು. ಆದರೂ ಎರಡೂ ಮುಳುಗುತ್ತವೆ.

ಇಲ್ಲೊಬ್ಬರು ಚೀಟಿ ಕಳಿಸಿದ್ದಾರೆ: ಬಂಗಾರವನ್ನೂ ಹೀಗೇ ಪರೀಕ್ಷೆ ಮಾಡಬಹುದಾ ಅಂತ. ಹಟ್ಟಿ ಗಣಿ ಇರುವ ಸೀಮೆಯಲ್ಲಿ ಈ ಪ್ರಶ್ನೆ ಬರದಿದ್ದರೇ ಆಶ್ಚರ್ಯ. ಆರ್ಕಿಮಿಡೀಸನ ಹೆಸರಿನ ಕತೆಯೇ ಬಂಗಾರದ ಕಿರೀಟದ್ದು. ಅವನು ತೀರಿಕೊಂಡು ಸುಮಾರು ಇನ್ನೂರು ವರ್ಷ ಆದಮೇಲೆ ವಿಟ್ರೂವಿಯಸ್ ಎಂಬ ರೋಮನ್ ಅದನ್ನು ಬರೆದಿಟ್ಟ. ತುಂಬಿದ ಪಾತ್ರೆಯಿಂದ ಚೆಲ್ಲಿದ ನೀರನ್ನು ಅಳೆದು ಕಳ್ಳತನ ಹಿಡಿದ ಅನ್ನುವ ಭಾಗ ನನಗೆ ಒಪ್ಪಿಗೆಯಾಗುವುದಿಲ್ಲ, ಆ ವ್ಯತ್ಯಾಸ ಕಣ್ಣಿಗೆ ಸಿಗದಷ್ಟು ಚಿಕ್ಕದು. ತೂಗುವುದೇ ಸರಿ. 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ಸರವನ್ನು ತೆಳು ದಾರದಲ್ಲಿ ಕಟ್ಟಿ, ಲೋಟದ ತಳ ಮತ್ತು ಗೋಡೆಗೆ ತಾಗದಂತೆ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವ ಅಂಕಿಯೇ ಸರಿಸಿದ ನೀರಿನ ತೂಕ. 40 ಗ್ರಾಮಿನ 22 ಕ್ಯಾರೆಟ್ ಸರಕ್ಕೆ ಅದು 2.25ರ ಹತ್ತಿರ ಬರಬೇಕು, 18 ಕ್ಯಾರೆಟ್ಟಿಗೆ 2.6ರ ಹತ್ತಿರ. ಸರದ ಕೊಂಡಿಗಳಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಒಳ್ಳೇ ಬಂಗಾರವೂ ಕೆಟ್ಟದ್ದಾಗಿ ಕಾಣುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಸರ ಅಲ್ಲಾಡಿಸಿದರೆ ಗುಳ್ಳೆ ಬಿಡುತ್ತವೆ. ಅರಗು ತುಂಬಿದ ಗುಂಡು, ಟೊಳ್ಳು ಬಳೆ, ಹರಳಿನ ಉಂಗುರ, ಇವಕ್ಕೆ ಈ ಲೆಕ್ಕ ನಡೆಯುವುದೇ ಇಲ್ಲ. ಟಂಗ್‌ಸ್ಟನ್ ಎಂಬ ಲೋಹ ಸೇರಿಸಿದ್ದರೆ ಮಾತ್ರ ನೀರಿಗೆ ಮೋಸ ಗೊತ್ತಾಗುವುದಿಲ್ಲ, ಅದರ ಸಾಂದ್ರತೆ ಹೆಚ್ಚುಕಡಿಮೆ ಬಂಗಾರದಷ್ಟೇ, 19.3.

ಗಾಳಿಗುಳ್ಳೆಯ ಮಾತು ಬಂತು. ಅದನ್ನು ಹಿಡಿದುಕೊಂಡೇ ಮುಂದೆ ಹೋಗೋಣ, ಯಾಕೆಂದರೆ ತೇಲುತ್ತದೆ ಅಂತ ನಾವು ಹೇಳುವ ಬಹಳಷ್ಟು ವಸ್ತು ತಾನಾಗಿ ತೇಲುವುದಿಲ್ಲ, ಒಳಗಿನ ಗಾಳಿ ತೇಲಿಸುತ್ತದೆ.

ಮರ ತೇಲುತ್ತದೆ ಅಲ್ರಿ? ಒಣಗಿದ ಸಾಗುವಾನಿಯ ಸಾಂದ್ರತೆ ಸುಮಾರು 0.65. ಆದರೆ ಮರದ ನಾರನ್ನು ಮಾತ್ರ, ಒಳಗಿನ ಕೊಳವೆಯಂಥ ಸಂದುಗಳನ್ನು ಬಿಟ್ಟು ಅಳೆದರೆ 1.5 ಬರುತ್ತದೆ. ಯಾವ ಜಾತಿ ಮರವಾದರೂ ಹೆಚ್ಚುಕಡಿಮೆ ಅಷ್ಟೇ. ಎಬೊನಿಯಂಥ ಕರಿಮರದಲ್ಲಿ ಸಂದು ಕಡಿಮೆ, ಅದರ ತಿರುಳು ಮುಳುಗುತ್ತದೆ. ಸಾಗುವಾನಿ ದಿಮ್ಮಿಯನ್ನೇ ವರ್ಷಗಟ್ಟಲೆ ನೀರಲ್ಲಿ ಬಿಟ್ಟರೆ ಗಾಳಿ ಹೋಗಿ ನೀರು ತುಂಬಿ ಅದೂ ತಳ ಹಿಡಿಯುತ್ತದೆ.

ರಾಯಚೂರಿನಿಂದ ಬಂದವರಿಗೆ ಹತ್ತಿಯ ಉದಾಹರಣೆ ಹೇಳಬೇಕು. ಹತ್ತಿಯಷ್ಟು ಹಗುರ ಅಂತೀವಿ, ಹತ್ತಿ ನಾರಿನ ಸಾಂದ್ರತೆ 1.54, ನೀರಿಗಿಂತ ಒಂದೂವರೆ ಪಟ್ಟು. ಜಿನ್ನಿಂಗ್ ಆಗಿ, ಅಂದರೆ ಬೀಜ ಬೇರೆಯಾಗಿ, ಬಂದ ಅರಳೆಯ ಒಂದು ಉಂಡೆಯನ್ನು ನೀರಿಗೆ ಬಿಡ್ತೀನಿ, ನೋಡ್ರಿ, ತೇಲುತ್ತಿದೆ. ಪಕ್ಕದಲ್ಲಿ ಔಷಧಿ ಅಂಗಡಿಯ ಹತ್ತಿ. ಒಂದು, ಎರಡು, ಮೂರು, ನಾಲ್ಕು... ಹೋಯಿತು ತಳಕ್ಕೆ. ಅರಳೆಯ ನಾರಿಗೆ ಹುಟ್ಟಿನಿಂದಲೇ ಮೇಣದ ಲೇಪ ಇರುತ್ತದೆ, ಅದು ನೀರನ್ನು ಒಳಗೆ ಬಿಡುವುದಿಲ್ಲ, ಗಾಳಿ ಹೊರಗೆ ಬರುವುದಿಲ್ಲ. ಔಷಧಿ ಹತ್ತಿಯನ್ನು ಕ್ಷಾರದಲ್ಲಿ ಬೇಯಿಸಿ ಮೇಣ ತೆಗೆದಿರುತ್ತಾರೆ. ಅದರ ಗುಣಮಟ್ಟದ ಪರೀಕ್ಷೆಯೂ ಇದೇ. ತೆಳು ತಂತಿಯ ಬುಟ್ಟಿಯಲ್ಲಿ 5 ಗ್ರಾಂ ಹತ್ತಿ ಇಟ್ಟು ನೀರಿಗೆ ಬಿಟ್ಟರೆ 10 ಸೆಕೆಂಡಿನೊಳಗೆ ಮುಳುಗಬೇಕು. ಗಾಯದ ರಕ್ತ ಹೀರಬೇಕಾದ ಹತ್ತಿ ತೇಲಿದರೆ ಅದು ಕೆಲಸಕ್ಕೆ ಬಾರದ ಹತ್ತಿ.

ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಇರುವ ಶಕ್ತಿನಗರದ ಕಡೆಯವರು ಬೂದಿಯನ್ನು ದಿನಾ ನೋಡುತ್ತೀರಿ. ಕಲ್ಲಿದ್ದಲಿನ ಹಾರುಬೂದಿ ನೀರಿಗೆ ಬಿದ್ದರೆ ಮುಳುಗುತ್ತದೆ, ಅದರ ಸಾಂದ್ರತೆ ಸುಮಾರು 2. ಆದರೂ ಕಲ್ಲಿದ್ದಲು ಉರಿಸುವ ಸ್ಥಾವರಗಳ ಬೂದಿ ಹೊಂಡಗಳಲ್ಲಿ ನೀರಿನ ಮೇಲೆ ಬಿಳಿಬೂದು ಬಣ್ಣದ ತೆಳು ಕೆನೆ ಕಟ್ಟುತ್ತದೆ. ಕುಲುಮೆಯ ಉರಿಯಲ್ಲಿ ಕರಗಿದ ಬೂದಿಯ ಹನಿಯೊಳಗೆ ಅನಿಲ ಉಬ್ಬಿ, ಹಾಗೇ ಆರಿ, ಗಾಜಿನ ಟೊಳ್ಳು ಗುಂಡಾದದ್ದು ಅದು. ಹೆಸರು ಸೆನೋಸ್ಫಿಯರ್. ಹಗುರವಾದ ಕಾಂಕ್ರೀಟಿಗೂ ಬಣ್ಣಕ್ಕೂ ಬೆರೆಸಲು ಅದಕ್ಕೆ ಒಳ್ಳೇ ಬೆಲೆ ಇದೆ.

ಅಂಜನಾದ್ರಿಗೆ ಹೋಗಿಬಂದವರು ನೀರಿನ ತೊಟ್ಟಿಯಲ್ಲಿ ತೇಲುವ ಕಲ್ಲಿನ ಬಗ್ಗೆ ಕೇಳುತ್ತಾರೆ. ಇಂಥ ಕಲ್ಲುಗಳನ್ನು ದೇಶದ ಬೇರೆ ಬೇರೆ ಕ್ಷೇತ್ರಗಳಲ್ಲೂ ಇಟ್ಟಿರುತ್ತಾರೆ. ಯಾರ ಭಕ್ತಿಗೂ ಕೈ ಹಾಕುವುದು ನನ್ನ ಕೆಲಸವಲ್ಲ, ಕಲ್ಲಿನ ಗುಣ ಮಾತ್ರ ಹೇಳುತ್ತೇನೆ. ಪ್ಯೂಮಿಸ್ ಅಂತ ಒಂದು ಕಲ್ಲಿದೆ, ಜ್ವಾಲಾಮುಖಿಯ ನೊರೆ ಗಟ್ಟಿಯಾದದ್ದು. ಹಿಮ್ಮಡಿ ಉಜ್ಜಲು ಮಾರುವ ಕಲ್ಲುಗಳಲ್ಲೂ ಅದಿರುತ್ತದೆ. ಒಳಗೆಲ್ಲ ಒಂದಕ್ಕೊಂದು ಸರಿಯಾಗಿ ತಾಗದ ಗುಳಿಗಳು, ಅವುಗಳಲ್ಲಿ ಗಾಳಿ. ಪುಡಿ ಮಾಡಿ ನೀರಿಗೆ ಹಾಕಿದರೆ ಪುಡಿ ಮುಳುಗುತ್ತದೆ. ಇಡೀ ತುಂಡೂ ನೀರು ಹೀರುತ್ತಾ ಹೋಗಿ ಒಂದು ದಿನ ಮುಳುಗುತ್ತದೆ, ಆದರೆ ತುಂಬ ತಡವಾಗಿ. 1883ರಲ್ಲಿ ಇಂಡೋನೇಷ್ಯಾದ ಕ್ರಕಟೋವ ಸಿಡಿದಾಗ ಬಿದ್ದ ಪ್ಯೂಮಿಸ್ ಹಿಂದೂ ಮಹಾಸಾಗರದ ಮೇಲೆ ತೇಲುತ್ತಾ ಆಫ್ರಿಕಾದ ದಂಡೆ ಮುಟ್ಟಿತು. ಕೊಪ್ಪಳ ಸೀಮೆಯ ಬೆಟ್ಟಗಳು ಗ್ರಾನೈಟಿನವು, ಆಗಲೇ ತೂಗಿದೆವು, 2.67. ಇಲ್ಲಿಯ ಯಾವ ಬಂಡೆಯೂ ತೇಲದು.

ಈಗ ಹರಿಗೋಲು. ಕೃಷ್ಣಾ ದಂಡೆಯವರು ಪುಟ್ಟಿ ಅನ್ನುತ್ತಾರೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನು ನೋಡಿ ಬರೆದಿದ್ದಾನೆ: ಬುಟ್ಟಿಯಂತೆ ದುಂಡಗಿವೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹತ್ತುತ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತವೆ. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಚೀಲ, ತಾಡಪತ್ರಿ, ಮೇಲೊಂದು ಡಾಂಬರಿನ ಬಳಿತ ಬಂದಿದೆ. ಉಳಿದದ್ದೆಲ್ಲ ಅದೇ.

ಲೆಕ್ಕಕ್ಕೆ ಎಂಟಡಿ, ಅಂದರೆ 2.4 ಮೀಟರ್ ಅಡ್ಡಳತೆಯ ಒಂದು ಹರಿಗೋಲು ತೆಗೆದುಕೊಳ್ಳೋಣ. ತಳದ ವಿಸ್ತೀರ್ಣ ಹತ್ತಿರ ಹತ್ತಿರ 4.5 ಚದರ ಮೀಟರ್. ಅದು ಒಂದು ಸೆಂಟಿಮೀಟರ್ ಕೆಳಗಿಳಿದರೆ 45 ಲೀಟರ್ ನೀರು ಸರಿಯುತ್ತದೆ, ಅಂದರೆ 45 ಕೆಜಿ ಹೊರುತ್ತದೆ. 60 ಕೆಜಿಯ ಒಬ್ಬ ಮನುಷ್ಯ ಹತ್ತಿದರೆ ಬುಟ್ಟಿ ಇಳಿಯುವುದು ಒಂದೂಕಾಲು ಸೆಂಟಿಮೀಟರಿಗಿಂತ ಚೂರು ಹೆಚ್ಚು. ಎಂಟು ಜನ, ಬುಟ್ಟಿಯ ತೂಕ 100 ಕೆಜಿ ಅಂತ ಇಟ್ಟುಕೊಂಡರೂ ಒಟ್ಟು 13 ಸೆಂಟಿಮೀಟರ್, ಒಂದು ಗೇಣೂ ಇಲ್ಲ. ಎರಡಡಿ ಎತ್ತರದ ಅಂಚಿಗೆ ಇದು ಏನೂ ಅಲ್ಲ ಅನಿಸುತ್ತದೆ. ಹಾಗಾದರೆ ಮಗುಚುವುದು ಯಾಕೆ?

ತೂಕದಿಂದ ಮುಳುಗುವುದು ಕಡಿಮೆ, ತೂಕ ಒಂದು ಕಡೆ ಸೇರಿ ಮಗುಚುವುದೇ ಹೆಚ್ಚು. ಅದೇ ಎಂಟು ಜನ ಫೋಟೋ ತೆಗೆಯಲು ಒಂದೇ ಪಕ್ಕಕ್ಕೆ ಸರಿದರೆ ಆ ಕಡೆಯ ಅಂಚು, ಕೂತಿದ್ದರೂ, ಒಂದೂವರೆ ಅಡಿಯಷ್ಟು ನೀರಿಗೆ ಇಳಿಯುತ್ತದೆ. ನಿಂತಿದ್ದರೆ ಭಾರದ ಕೇಂದ್ರ ಮೇಲೇರಿ ಇನ್ನೂ ಇಳಿಯುತ್ತದೆ, ಅಲೆ ಒಂದು ಸಾಕು ಒಳನುಗ್ಗಲು. ಒಳಗೆ ಬಂದ ನೀರಿನದು ಎರಡು ಕೇಡು. ಒಂದೊಂದು ಸೆಂಟಿಮೀಟರಿಗೂ 45 ಕೆಜಿ ಭಾರ ಕೂಡುತ್ತದೆ. ಅದಕ್ಕಿಂತ ಕೆಟ್ಟದ್ದು, ಆ ನೀರು ಬಾಗಿದ ಕಡೆಗೇ ಓಡಿ ಇನ್ನಷ್ಟು ಬಾಗಿಸುತ್ತದೆ. ಅಂಬಿಗರು ಕಾಲಡಿ ನೀರು ಕಂಡ ಕೂಡಲೇ ಡಬ್ಬಿಯಿಂದ ಎತ್ತಿ ಚೆಲ್ಲುವುದು ಬಟ್ಟೆ ನೆನೆಯಬಾರದು ಅಂತ ಅಲ್ಲ. ಬೇಸಿಗೆಯಲ್ಲಿ ದಂಡೆಯ ಬಿಸಿಲಿಗೆ ಕವುಚಿಟ್ಟ ಹರಿಗೋಲಿನ ಡಾಂಬರು ಮೆತ್ತಗಾಗಿ ಜಾರುತ್ತದೆ, ಬಿದಿರ ದಬ್ಬೆಯ ಗಂಟುಗಳ ಹತ್ತಿರ ಮೊದಲು ಸೋರುತ್ತದೆ. ನೀರಿಗೆ ಬಿಡುವ ಮುನ್ನ ಬೆರಳಿಟ್ಟು ನೋಡಬೇಕಾದ ಜಾಗ ಅದು. ಇನ್ನು ಲೈಫ್ ಜಾಕೆಟ್: 7 ಕೆಜಿ ಆಸುಪಾಸಿನ ಎತ್ತುವ ಬಲ ಸಾಕಾ ಅಂತ ಕೇಳುತ್ತಾರೆ. ಉಸಿರು ತುಂಬಿಕೊಂಡ ಮನುಷ್ಯನ ಸಾಂದ್ರತೆ ನೀರಿಗಿಂತ ಕೂದಲೆಳೆ ಕಡಿಮೆ, ಉಸಿರು ಬಿಟ್ಟರೆ ಕೂದಲೆಳೆ ಹೆಚ್ಚು. ನೀರಿನ ಮೇಲೆ ಎತ್ತಿ ಹಿಡಿಯಬೇಕಾದ್ದು ತಲೆಯೊಂದನ್ನೇ. ಸಾಕು. ಆದರೆ ಗುಂಡಿ, ಪಟ್ಟಿ ಹಾಕದೆ ಹೆಗಲಿಗೆ ನೇತುಹಾಕಿಕೊಂಡರೆ ಜಾಕೆಟ್ ಮಾತ್ರ ಮೇಲೆ ಬರುತ್ತದೆ.

ರೈತರು ಕಾಯುತ್ತಿದ್ದೀರಿ, ಭತ್ತಕ್ಕೆ ಬರೋಣ. ಜೊಳ್ಳು ತೇಲುತ್ತದೆ, ಗಟ್ಟಿ ಮುಳುಗುತ್ತದೆ, ಇದು ನಿಮಗೆ ನಾನು ಹೇಳಬೇಕಾಗಿಲ್ಲ. ತೊಂದರೆ ಇರುವುದು ಅರೆಗಾಳಿನಲ್ಲಿ. ಪೂರ್ತಿ ತುಂಬಿದ ಕಾಳೂ ಸಾದಾ ನೀರಲ್ಲಿ ಮುಳುಗುತ್ತದೆ, ಮುಕ್ಕಾಲು ತುಂಬಿದ್ದೂ ಮುಳುಗುತ್ತದೆ. ಎರಡನ್ನೂ ಬೇರೆ ಮಾಡಬೇಕಾದರೆ ನೀರನ್ನೇ ಇನ್ನಷ್ಟು ಸಾಂದ್ರ ಮಾಡಬೇಕು. ಅದಕ್ಕೆ ಉಪ್ಪು. ಎಷ್ಟು ಉಪ್ಪು ಅಂತ ಹೇಳಲು ಒಂದು ಮೊಟ್ಟೆ.

ಬಕೆಟ್ಟಿನಲ್ಲಿ 10 ಲೀಟರ್ ನೀರಿದೆ. ಇವತ್ತಿಟ್ಟ ಮೊಟ್ಟೆ ಬಿಟ್ಟೆ, ತಳದಲ್ಲಿ ಅಡ್ಡ ಮಲಗಿತು. ಅಡಿಗೆ ಉಪ್ಪು ಅರ್ಧ ಕೆಜಿ ಹಾಕಿ ಪೂರ್ತಿ ಕರಗುವವರೆಗೆ ತಿರುವುತ್ತೇನೆ. ಇನ್ನೂ ಮಲಗಿದೆ. ಇನ್ನರ್ಧ ಹಾಕಿದೆ, ಒಟ್ಟು ಒಂದು ಕೆಜಿ. ಈಗ ಒಂದು ತುದಿ ಎತ್ತಿ ಅತ್ತಿತ್ತ ತೂಗುತ್ತಿದೆ, ಕಾಣ್ತದಾ? ಇಲ್ಲಿಂದ ಮುಂದೆ ಹಿಡಿ ಹಿಡಿಯಾಗಿ ಹಾಕಬೇಕು. ತಳ ಬಿಟ್ಟಿತು. ಇನ್ನೊಂದಿಷ್ಟು. ಈಗ ಮೊಟ್ಟೆಯ ನೆತ್ತಿ ನೀರಿನ ಮೇಲೆ ನಾಲ್ಕಾಣೆ ಬಿಲ್ಲೆಯಷ್ಟು ಅಗಲ ಕಾಣುತ್ತಿದೆ. ನಾಲ್ಕಾಣೆ ಚಲಾವಣೆ ನಿಂತದ್ದು 2011ರಲ್ಲಿ, ಮಕ್ಕಳು ನೋಡಿಲ್ಲ. ಹೆಬ್ಬೆರಳ ಉಗುರಿನ ಅಗಲ ಅನ್ನಿ. ಒಟ್ಟು ಉಪ್ಪು ಒಂದೂವರೆ ಕೆಜಿಯಷ್ಟಾಯಿತು, ದ್ರಾವಣದ ಸಾಂದ್ರತೆ 1.10ರ ಹತ್ತಿರ. ಮೊಟ್ಟೆ ತೆಗೆದು, ಎರಡು ಮೂರು ಕೆಜಿ ಬೀಜ ಸುರಿದು ಕೈಯಾಡಿಸಿ. ತೇಲಿದ್ದನ್ನು ಜರಡಿಯಿಂದ ತೆಗೆದುಬಿಡಿ. ಮುಳುಗಿದ್ದನ್ನು ಕೂಡಲೇ ಸಾದಾ ನೀರಲ್ಲಿ ಎರಡು ಮೂರು ಸಲ ತೊಳೆದು ನೆನೆಹಾಕಿ.

ಇದರಲ್ಲಿ ಕೆಡುವುದು ಎಲ್ಲೆಲ್ಲಿ ಅಂದರೆ, ಮೊದಲನೆಯದು ಮೊಟ್ಟೆಯಲ್ಲೇ. ಮೊಟ್ಟೆ ಹಳೆಯದಾದಷ್ಟೂ ಚಿಪ್ಪಿನ ಸಣ್ಣ ತೂತುಗಳಿಂದ ಒಳಗಿನ ನೀರು ಆರಿ, ಅಗಲವಾದ ತುದಿಯ ಗಾಳಿಚೀಲ ಹಿಗ್ಗುತ್ತದೆ. ಹತ್ತಿಪ್ಪತ್ತು ದಿನದ ಮೊಟ್ಟೆ ಕಡಿಮೆ ಉಪ್ಪಿಗೇ ಏಳುತ್ತದೆ, ನೀವು ಉಪ್ಪು ಸಾಕೆಂದು ನಿಲ್ಲಿಸುತ್ತೀರಿ, ಅರೆಗಾಳೆಲ್ಲ ಬೀಜದ ಜೊತೆ ಸಸಿಮಡಿಗೆ ಹೋಗುತ್ತದೆ. ಎರಡನೆಯದು ಭತ್ತದ ಸಿಪ್ಪೆಯ ಸಣ್ಣ ರೋಮ. ಅದಕ್ಕೆ ಗಾಳಿಗುಳ್ಳೆ ಅಂಟಿಕೊಂಡು ಒಳ್ಳೇ ಕಾಳೂ ಮೇಲೆ ನಿಲ್ಲುತ್ತದೆ. ಸುರಿದ ಕೂಡಲೇ ಬಾಚಿ ತೆಗೆದರೆ ಒಳ್ಳೇ ಬೀಜ ಕೋಳಿ ಪಾಲು. ಒಂದು ನಿಮಿಷ ಕೈಯಲ್ಲಿ ತಿಕ್ಕಿ ತಿರುವಿ, ಆಮೇಲೆ ತೆಗೆಯಿರಿ. ಹಾಗಂತ ಚಹಾ ಕುಡಿದು ಬರಲು ಹೋಗಬೇಡಿ, ಜೊಳ್ಳಿನೊಳಗೂ ನೀರು ಸೇರಿ ಅದೂ ಇಳಿಯುತ್ತದೆ, ಉಪ್ಪು ಮೊಳಕೆಗೂ ಒಳ್ಳೆಯದಲ್ಲ. ಅದೇ ದ್ರಾವಣದಲ್ಲಿ ಇನ್ನೊಂದು ಕಂತು ಹಾಕುವ ಮುನ್ನ ಮೊಟ್ಟೆಯನ್ನು ಮತ್ತೆ ಬಿಟ್ಟು ನೋಡಿ. ಅಂಗಡಿಯಿಂದ ತಂದ, ಬಣ್ಣದ ಔಷಧ ಬಳಿದ ಬೀಜಕ್ಕೆ ಇದು ಬೇಡವೇ ಬೇಡ. ಇದು ಮನೆ ಬೀಜ ಇಟ್ಟುಕೊಳ್ಳುವವರ ಕೆಲಸ.

ಹಾಲಿನ ಡೈರಿಯ ಲ್ಯಾಕ್ಟೋಮೀಟರೂ ಇದೇ ಲೆಕ್ಕದ ಮೇಲೆ ನಿಂತದ್ದು. ಅದರಲ್ಲಿ 28 ಅಂದರೆ ಸಾಂದ್ರತೆ 1.028. ನೀರು ಬೆರೆಸಿದರೆ ಅಂಕ ಇಳಿಯುತ್ತದೆ. ಕೆನೆ ಹಗುರ, ಅದನ್ನು ತೆಗೆದರೆ ಅಂಕ ಏರುತ್ತದೆ. ಎರಡನ್ನೂ ಅಳತೆಯಾಗಿ ಮಾಡಿದವನ ಹಾಲು ಪರೀಕ್ಷೆಯಲ್ಲಿ ಪಾಸು. ಫ್ಯಾಟ್ ನೋಡದೆ ಲ್ಯಾಕ್ಟೋಮೀಟರ್ ಒಂದನ್ನೇ ನಂಬಬಾರದು ಅನ್ನುವುದು ಇದಕ್ಕೆ. ಆಗತಾನೇ ಕರೆದ ನೊರೆಹಾಲಿನಲ್ಲಿ ಪ್ರಾಮಾಣಿಕನಿಗೂ ಅಂಕ ಕಡಿಮೆ ಬರುತ್ತದೆ. ಅಲ್ಲೂ ಗಾಳಿಯೇ.

ಜಾಡಿಗೆ ಬರೋಣ. ಮುಕ್ಕಾಲು ಗಂಟೆಯಾಯಿತು, ಎರೆಮಣ್ಣಿನ ನೀರು ಇನ್ನೂ ಚಹಾದ ಬಣ್ಣದಲ್ಲೇ ಇದೆ. ತೇಲುತ್ತಿದೆ ಅನ್ನಬೇಡಿ. ಆ ಕಣದ ಸಾಂದ್ರತೆಯೂ ನೀರಿಗಿಂತ ಎರಡೂವರೆ ಪಟ್ಟಿನ ಹತ್ತಿರ, ಅದು ಮುಳುಗುತ್ತಲೇ ಇದೆ. ಕಣ ಚಿಕ್ಕದಾದಷ್ಟೂ ನೀರಿನ ಅಂಟು ಅದನ್ನು ಹಿಡಿದು ನಿಧಾನ ಮಾಡುತ್ತದೆ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಉಸುಕಿನ ಕಣ 10 ಸೆಂಟಿಮೀಟರ್ ಇಳಿಯಲು ಹನ್ನೆರಡು ಸೆಕೆಂಡು ಸಾಕು. ಅದರ ಐವತ್ತನೇ ಒಂದು ಭಾಗದ ಜೇಡಿ ಕಣಕ್ಕೆ ಏಳೆಂಟು ಗಂಟೆ ಬೇಕು, ಇನ್ನೂ ಸಣ್ಣದಕ್ಕೆ ದಿನಗಳು. ಪಟಿಕದ ಹರಳನ್ನು ನಾಲ್ಕು ಸುತ್ತು ತಿರುಗಿಸಿದರೆ ಈ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗಿ ಬೇಗ ಕೂರುತ್ತವೆ. ನೀರು ತಿಳಿಯಾಗುತ್ತದೆ, ರೋಗಾಣು ಹೋಗಿರುವುದಿಲ್ಲ, ಕುದಿಸಿಯೇ ಕುಡಿಯಬೇಕು. ಹರಿಯುವ ಹೊಳೆ ಈ ಮಣ್ಣನ್ನು ಕೂರಲು ಬಿಡುವುದಿಲ್ಲ, ಕಟ್ಟೆಯ ಹಿಂದೆ ನಿಂತ ನೀರು ಬಿಡುತ್ತದೆ. ಕಟ್ಟಿದಾಗ 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಈಗ 105ರ ಆಸುಪಾಸಿಗೆ ಬಂದಿರುವುದು ಹೀಗೆ ಕೂತ ಹೂಳಿನಿಂದ.

ಶಿಕ್ಷಕರು ಯಾರಾದರೂ ಈ ಜಾಡಿಯನ್ನು ಅಲುಗಿಸದೆ ಶಾಲೆಯ ಮೇಜಿನ ಮೇಲೆ ಇಡಿಸಿ. ಬಿಸಿಲು ಬೀಳುವ ಕಿಟಕಿ ಬೇಡ, ಒಂದು ಪಕ್ಕ ಕಾದರೆ ನೀರು ಒಳಗೊಳಗೇ ಸುತ್ತಿ ಮಣ್ಣನ್ನು ಮೇಲೆತ್ತುತ್ತದೆ. ತಿಳಿಯಾದ ನೀರು ಎಲ್ಲಿಯವರೆಗೆ ಇಳಿದಿದೆ ಅಂತ ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ಮುನ್ನ ಮಕ್ಕಳು ಗಾಜಿನ ಮೇಲೆ ಒಂದು ಗೆರೆ ಎಳೆಯಲಿ, ನಾಡಿದ್ದು ಇನ್ನೊಂದು.